ಕನಕರಾಜು ಕೊಟ್ಟ ಫೋನು

ಹನಗೋಡಿನ ಕನಕರಾಜು ಕೆಟ್ಟವನು ಎಂದು ಇವತ್ತಿಗೂ ಯಾರೂ ಹೇಳುವುದಿಲ್ಲ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಪಕ್ಕದವರ ಬದು ಒತ್ತುವುದಿಲ್ಲ. ಹೊಳೆಯ ಕಡೆ ಗದ್ದೆಯಿದೆ, ಮೇಲೆ ಹೊಗೆಸೊಪ್ಪಿನ ಹೊಲವಿದೆ, ಸೊಪ್ಪು ಬೇಯಿಸಲು ಸ್ವಂತದ್ದೊಂದು ಬ್ಯಾರನ್ ಇದೆ. ಇಲ್ಲದ್ದು ಹೆಂಡತಿಯೊಬ್ಬಳೇ. ನಲವತ್ತು ದಾಟಿದ ಗಂಡಸಿಗೆ ಹೆಂಡತಿ ಇಲ್ಲ ಎನ್ನುವುದು ಹುಣಸೂರು, ಪಿರಿಯಾಪಟ್ಟಣದ ಕಡೆ ಈಗ ಸುದ್ದಿಯೇ ಅಲ್ಲ. ಅಂಥವರು ಊರೂರಿನಲ್ಲೂ ಜಗಲಿ ತುಂಬ ಕೂತಿದ್ದಾರೆ. ಹೆಣ್ಣು ಹೆತ್ತವರು ಮೊದಲು ಜಮೀನು ಕೇಳುತ್ತಾರೆ, ಜಮೀನಿದ್ದರೆ ನೌಕರಿ ಕೇಳುತ್ತಾರೆ, ಎರಡೂ ಇದ್ದರೆ ತಲೆಯ ಮೇಲೆ ಕೂದಲು ಕೇಳುತ್ತಾರೆ. ಕನಕರಾಜು ಮೊದಲನೆಯದರಲ್ಲಿ ಪಾಸಾಗಿ ಉಳಿದೆರಡರಲ್ಲಿ ಫೇಲಾದವನು. ಹೆಣ್ಣು ನೋಡಲು ಹೋಗಿ ಅವನು ತಿಂದ ಉಪ್ಪಿಟ್ಟು ಕೇಸರಿಬಾತಿನಲ್ಲಿ ಒಂದು ಮದುವೆಯನ್ನೇ ಮಾಡಬಹುದಿತ್ತು ಎಂದು ಊರವರು ಅವನ ಎದುರಿಗೇ ಹೇಳಿ ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು.

ಈ ಕಡೆ ಸಂಬಂಧ ಗೊತ್ತಾದರೆ ಮೊದಲು ಹೂ ಮುಡಿಸುವ ಶಾಸ್ತ್ರ. ಗಂಡಿನ ಕಡೆಯವರು ಸೀರೆ, ಬಳೆ, ಹಣ್ಣುಕಾಯಿ, ಮಲ್ಲಿಗೆ ಹಿಡಿದು ಹೆಣ್ಣಿನ ಮನೆಗೆ ಹೋಗುತ್ತಾರೆ. ಜಡೆಗೆ ಹೂವೇರಿತು ಎಂದರೆ ಹುಡುಗಿ ಅರ್ಧ ಆ ಮನೆಯವಳಾದಳು ಎಂದೇ ಅರ್ಥ. ಈಚೆಗೆ ಆ ತಟ್ಟೆಗೆ ಒಂದು ಫೋನೂ ಸೇರಿಕೊಂಡಿದೆ. ಗಂಡು ಕೊಟ್ಟ ಫೋನಿನಲ್ಲಿ ಹುಡುಗಿ ಮದುವೆಯ ದಿನದವರೆಗೆ ಅವನ ಜೊತೆ ಮಾತಾಡಿಕೊಂಡಿರಬೇಕು. ಮಾತಾಡುತ್ತಾ ಮಾತಾಡುತ್ತಾ ಮನಸ್ಸು ಕೂಡಿಕೊಳ್ಳುತ್ತದೆ ಎಂದು ಹಿರಿಯರ ಲೆಕ್ಕ.

ಕನಕರಾಜುವಿಗೂ ಒಮ್ಮೆ ಆ ಯೋಗ ಬಂದಿತ್ತು. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ರಮ್ಯ ಎಂಬ ಹುಡುಗಿ ಒಪ್ಪಿದಳು, ಹೂ ಮುಡಿದಳು, ಫೋನು ಈಸಿಕೊಂಡಳು. ಅವನು ದಿನಾ ಸಂಜೆ ಬ್ಯಾರನ್ ಮುಂದೆ ಕೂತು ಅವಳಿಗೆ ಫೋನು ಮಾಡುತ್ತಿದ್ದ. ಮಾಡಿ ಏನು ಹೇಳುತ್ತಿದ್ದ? ಇವತ್ತು ಎಲೆ ಹಳದಿಗೆ ತಿರುಗಿತು ಎನ್ನುತ್ತಿದ್ದ. ಸೌದೆ ಹಸಿ ಇದೆ, ಶಾಖ ಏರುತ್ತಿಲ್ಲ ಎನ್ನುತ್ತಿದ್ದ. ಬೇರೆ ಏನಾದರೂ ಮಾತಾಡಿ ಎಂದು ಅವಳು ಒಂದು ದಿನ ಕೇಳಿಕೊಂಡಾಗ ತುಂಬಾ ಹೊತ್ತು ಯೋಚಿಸಿ, ಬ್ಯಾರನ್ನಿನ ಸೂರು ಸೋರುತ್ತಿರುವ ವಿಷಯ ಹೇಳಿದ. ಪಾಪ, ಪ್ರೀತಿಯಿಂದಲೇ ಹೇಳಿದ. ತನಗೆ ತಿಳಿದದ್ದನ್ನೆಲ್ಲ ಅವಳಿಗೆ ಕೊಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಎರಡು ತಿಂಗಳು ಕೇಳಿ ಸಾಕಾಗಿ ಆ ಹುಡುಗಿ, ಈ ಮನುಷ್ಯನ ಜೊತೆ ನಾನು ಬಾಳಲಾರೆ ಎಂದು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಹಿರಿಯರು ಸೀರೆ, ಬಳೆ, ಫೋನು ಎಲ್ಲವನ್ನೂ ತಂದು ಒಪ್ಪಿಸಿ, ಕಾಫಿ ಕುಡಿದು ಹೋದರು. ಯಾಕೆ ಎಂದು ಕನಕರಾಜು ಯಾರನ್ನೂ ಕೇಳಲಿಲ್ಲ. ಆಮೇಲೆ ಅವಳು ಎಚ್.ಡಿ. ಕೋಟೆ ಕಡೆಯ ಬೀಚನಹಳ್ಳಿಗೆ ಮದುವೆಯಾಗಿ ಹೋದಳೆಂದೂ, ಗಂಡನಿಗೆ ಅಲ್ಲಿಯ ರೆಸಾರ್ಟಿನಲ್ಲಿ ಕೆಲಸವೆಂದೂ ಕಿವಿಗೆ ಬಿತ್ತು. 

ಅವನ ತಾಯಿ ಚಿಕ್ಕಬೀರಮ್ಮನಿಗೆ ಮಾತ್ರ ಆ ಫೋನಿನದೇ ಚಿಂತೆ.

"ಹೆಣ್ಗೆ ಅಂತ ತಂದಿದ್ದು ಹೆಣ್ಣಿನ ಕೈಗೇ ಸೇರ್ಬೇಕು ಕಣ್ಲಾ. ಮನೇಲಿ ಮಡಿಕ್ಕಂಡ್ರೆ ಮನೆಗೆ ಇನ್ನೊಂದು ಹೆಣ್ಣು ಬರಾಕಿಲ್ಲ," ಎಂದು ಅವಳು ದಿನಾ ಹೇಳುವಳು. "ಸೀರೆಯೇನೋ ಮಾರಮ್ಮನ ಗುಡಿಗೆ ಕೊಟ್ಟೆ. ಫೋನ ಯಾವ ದೇವ್ರು ಈಸ್ಕತ್ತದೆ?"

ಮಾರುವ ಹಾಗಿಲ್ಲ, ಬಿಸಾಡುವ ಹಾಗಿಲ್ಲ, ಮನೆಯವರು ಬಳಸುವ ಹಾಗಂತೂ ಇಲ್ಲವೇ ಇಲ್ಲ. ಡಬ್ಬಿಯ ಸಮೇತ ಅದು ಟ್ರಂಕಿನೊಳಗೆ ಇನ್ನೊಬ್ಬಳಿಗಾಗಿ ಕಾದು ಕೂತಿತು.

ಆ ಇನ್ನೊಬ್ಬಳು ಸಿಕ್ಕಿದ್ದು ಸಾಲಿಗ್ರಾಮದಲ್ಲಿ. ಹೆಸರು ಸುಧಾ. ಮಾತು ಕಡಿಮೆ, ಮುಖದಲ್ಲಿ ಒಂದು ಬಗೆಯ ಸಮಾಧಾನ. ನಂಟು ತಂದವನು ಪಿರಿಯಾಪಟ್ಟಣದ ದಲ್ಲಾಳಿ ದೇವಯ್ಯ; ಕತ್ತೆಗೂ ಕುದುರೆಗೂ ಗಂಟು ಹಾಕಿ ಎರಡರ ಕೈಯಲ್ಲೂ ಊಟ ಹಾಕಿಸಿಕೊಳ್ಳುವ ಗಟ್ಟಿಗ. ಸುಧಾಳ ಅಪ್ಪ ಹುಚ್ಚಯ್ಯ ಜಮೀನು ನೋಡಲು ಬಂದವನು, ಗದ್ದೆ, ಹೊಲ, ಬ್ಯಾರನ್ ಎಲ್ಲ ಸುತ್ತಿ ಜಗಲಿಯಲ್ಲಿ ಕೂತು ಒಂದೇ ಮಾತು ಕೇಳಿದ.

"ಮುಂಚೆ ಎಲ್ಲಾದ್ರೂ ಹೂ ಮುಡ್ಸಿ ಮುರ್ದೋಗಿದ್ರೆ ಈಗ್ಲೇ ಹೇಳ್ಬುಡಿ. ಒಬ್ಳು ಬ್ಯಾಡ ಅಂದ ಗಂಡ್ಗೆ ನಾವು ಹೆಣ್ಣು ಕೊಡಾಕಿಲ್ಲ. ಏನೂ ಕಾಣ್ದೆ ಯಾವ ಹೆಣ್ಣೂ ಬ್ಯಾಡ ಅನ್ನಾಕಿಲ್ಲ."

"ಎಲ್ಲೂ ಇಲ್ಲ ಕಣಪ್ಪ," ಎಂದು ಚಿಕ್ಕಬೀರಮ್ಮ ಮನೆದೇವರ ಕಡೆ ಕೈ ಮುಗಿದಳು. ದೇವಯ್ಯ ಹೂಂಗುಟ್ಟಿದ. ಕನಕರಾಜು ತಲೆ ತಗ್ಗಿಸಿ ಕೂತಿದ್ದ. ಹೊರಗೆ ನಿಂತ ನೆರೆಯವರಿಗೆಲ್ಲ ರಮ್ಯಳ ವಿಷಯ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಹೆಣ್ಣು ಕೊಡಲು ಬಂದವರ ಮುಂದೆ ಊರಿನ ಯಾವ ಗಂಡಿನ ಹುಳುಕನ್ನೂ ಆಡಬಾರದೆಂಬುದು ಆ ಊರಿನಲ್ಲಿ ಯಾರೂ ಹೇಳಿಕೊಡದೆ ಎಲ್ಲರೂ ಕಲಿತ ಪಾಠ. ಇವತ್ತು ಅವನದನ್ನು ಕೆಡಿಸಿದರೆ ನಾಳೆ ನಮ್ಮನೆಯದು ಕೆಡುತ್ತದೆ. ಧರ್ಮವಂತರ ಊರು ಅದು.

ಶಾಸ್ತ್ರದ ದಿನ ಹತ್ತಿರ ಬಂದಾಗ ಕನಕರಾಜು ಟ್ರಂಕಿನಿಂದ ಫೋನು ತೆಗೆದು ಚಾರ್ಜಿಗೆ ಹಾಕಿದ. ಹೊತ್ತಿಕೊಂಡಿತು. ಹೊತ್ತಿಕೊಂಡದ್ದೇ ರಮ್ಯಳ ಮುಖ ಬಂತು: ಜಡೆಯಲ್ಲಿ ಅವನೇ ತಂದಿದ್ದ ಮಲ್ಲಿಗೆ, ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತ ಅವನೇ. ಅಳಿಸುವುದು ಹೇಗೆಂದು ಗೊತ್ತಿಲ್ಲ. ಊರಿನ ಯಾವ ಹುಡುಗನನ್ನು ಕೇಳಿದರೂ ಹೇಳಿಕೊಡುತ್ತಿದ್ದ, ಆದರೆ ಕೇಳಲು ನಾಚಿಕೆ. ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುತ್ತಿರುವಾಗ, ಹೊಸ ಸಾಫ್ಟ್‌ವೇರ್ ಬಂದಿದೆ, ಹಾಕಲೇ ಎಂದು ಫೋನು ಕೇಳಿತು. ಅದನ್ನೂ ಒತ್ತಿದ. ಮುಖ ಮಾಯವಾಗಿ ಒಂದು ಗೆರೆ ನಿಧಾನಕ್ಕೆ ಓಡತೊಡಗಿತು. ಅದು ಎಲ್ಲಿಗೆ ಓಡುತ್ತಿದೆಯೋ ಎಂದು ಹೆದರಿ, ಪಕ್ಕದ ಗುಂಡಿಯನ್ನು ಬಿಗಿಯಾಗಿ ಅಮುಕಿ ಹಿಡಿದು ಫೋನನ್ನು ಆರಿಸಿಯೇ ಬಿಟ್ಟ. ಮತ್ತೆ ಹಚ್ಚಿದಾಗ ಕಂಪನಿಯ ಹೆಸರಷ್ಟೇ ಬಂತು. ರಮ್ಯ ಬರಲಿಲ್ಲ. ಹೆಸರು ಹಾಗೆಯೇ ನಿಂತಿತು.

ಅಳಿಸಿಹೋಯಿತು ಎಂದು ಕನಕರಾಜು ಉಸಿರುಬಿಟ್ಟ. ಅಂಗಡಿಯ ಗಾಜಿನೊಳಗೆ ಹೊಸ ಫೋನು ಹೀಗೇ ಕಂಪನಿಯ ಹೆಸರು ತೋರಿಸಿಕೊಂಡಿರುವುದನ್ನು ಅವನು ನೋಡಿದ್ದ. ಹುಡುಗಿ ಸಿಮ್ ಹಾಕಿದರೆ ಮುಂದಕ್ಕೆ ಹೋಗುತ್ತದೆ ಎಂದುಕೊಂಡ. ಒರೆಸಿ ಡಬ್ಬಿಗೆ ಹಾಕಿದ. ತಾಯಿ ಅದಕ್ಕೆ ಅರಿಶಿನದ ದಾರ ಸುತ್ತಿದಳು.

ಸಾಲಿಗ್ರಾಮದಲ್ಲಿ ಹುಚ್ಚಯ್ಯ ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದ. ನಡುಮನೆಯ ಜಮಖಾನದ ಮೇಲೆ ಎರಡು ಕಡೆಯ ಹಿರಿಯರು ಕೂತರು, ತಟ್ಟೆಗಳು ಸಾಲಾಗಿ ಇಳಿದವು. ರಾಹುಕಾಲ ಕಳೆಯಲಿ ಎಂದು ಹೂ ಮುಡಿಸುವುದನ್ನು ತಡೆದಿದ್ದರು. ಸುಮ್ಮನೆ ಕೂರಲಾರದ ಹುಡುಗಿಯರು ಡಬ್ಬಿಯ ದಾರ ಬಿಚ್ಚಿ ಫೋನನ್ನು ಸುಧಾಳ ಕೈಗೆ ಕೊಟ್ಟರು. ಅವಳು ಗುಂಡಿ ಒತ್ತಿದಳು. ಕಂಪನಿಯ ಹೆಸರು ಬಂತು. ಎಲ್ಲರೂ ಬಗ್ಗಿ ನೋಡಿದರು. ಹೆಸರು ಅಲ್ಲೇ ನಿಂತಿತ್ತು. ಆರಿಸಿ ಮತ್ತೆ ಹಚ್ಚಿದರು. ಮತ್ತೆ ಅದೇ.

"ಮೊದಲ ಸಲ ಹಂಗೇ, ತಡ ಆಯ್ತದೆ," ಎಂದ ಕನಕರಾಜು.

ತಡವಾಯಿತು. ಕಾಫಿ ಬಂತು, ಲೋಟಗಳು ಖಾಲಿಯಾಗಿ ಒಳಗೆ ಹೋದವು, ಫೋನು ಮಾತ್ರ ಅಲ್ಲಿಂದ ಅಲ್ಲಾಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಮುದುಕಿಯರ ಬಾಯಿ ಕೆಲಸ ಶುರುಮಾಡಿತು.

"ಗಂಡು ಕೊಟ್ಟ ಫೋನು ಕಣ್ಣೇ ಬುಡ್ತಾ ಇಲ್ವಲ್ಲ ಕಣಮ್ಮಿ."

"ಹೂ ಮುಡ್ಸೋಕೆ ಮುಂಚೆನೇ ಹಿಂಗಾದ್ರೆ ಹೆಂಗೆ?"

ಸುಧಾಳ ತಾಯಿ ರುಕ್ಮಿಣಮ್ಮನ ಮುಖ ಸಣ್ಣಗಾಯಿತು. ಹುಚ್ಚಯ್ಯ ಪಂಚೆ ಸರಿಮಾಡಿಕೊಂಡ. ಶಕುನ ಎಂಬ ಮಾತು ಒಂದು ಸಲ ಹೊರಗೆ ಬಿದ್ದರೆ ಈ ಮನೆಯಲ್ಲಿ ತನಗೆ ಹೆಣ್ಣಿಲ್ಲ ಎನ್ನುವುದು ಕನಕರಾಜುವಿಗೆ ಗೊತ್ತಾಯಿತು. ಇದಾದ ಮೇಲೆ ಇನ್ನೊಂದು ಹೆಣ್ಣು ತನ್ನ ಜನ್ಮದಲ್ಲಿ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು.

ಅಷ್ಟರಲ್ಲಿ ಹುಚ್ಚಯ್ಯನ ತಮ್ಮನ ಮಗ ನಟರಾಜು ಎದ್ದು ಬಂದ. ಕೆ.ಆರ್. ನಗರದಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ನೆಂಟರ ಮುಂದೆ ಕಸುಬು ತೋರಿಸುವ ಅವಕಾಶ ಸಿಕ್ಕಿದರೆ ಊಟವನ್ನೂ ಬಿಡುವ ಜಾತಿಯವನು.

"ಕೊಡಿ ಇಲ್ಲಿ. ಹಿಂಗೆ ಹೆಸ್ರು ತೋರಿಸ್ಕಂಡು ನಿಂತ್ಕಳೋ ಫೋನು ನನ್ನಂಗ್ಡಿಗೆ ದಿನಾ ಬತ್ತವೆ," ಎಂದು ಜಮಖಾನದ ನಡುವೆ ಚಕ್ಕಂಬಕ್ಕಳ ಹಾಕಿ ಕೂತ. "ಸತ್ತಿಲ್ಲ ಇದು. ಎದ್ದೇಳೋ ಹೊತ್ನಲ್ಲಿ ಯಾವ್ದೋ ಕೆಲ್ಸ ಅರ್ಧಕ್ಕೆ ನಿಂತೋಗದೆ, ಅದುನ್ನ ದಾಟಕ್ಕೆ ಆಯ್ತಾ ಇಲ್ಲ, ಅಷ್ಟೇಯ."

ಒಂದು ಗುಂಡಿಯನ್ನು ಅಮುಕಿ ಹಿಡಿದ. ಫೋನು ಆರಿ, ನಡುಗಿ, ಮತ್ತೆ ಅದೇ ಹೆಸರಿಗೆ ಬಂದು ನಿಂತಿತು. ಈ ಸಲ ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಏನೋ ಎಣಿಸಿ, ಒಂದನ್ನು ಬಿಟ್ಟ. ಕಪ್ಪು ಪರದೆಯ ಮೇಲೆ ಸಣ್ಣ ಸಣ್ಣ ಅಕ್ಷರಗಳ ಸಾಲು ಮೂಡಿತು. ಹೆಂಗಸರು ಮಂತ್ರವಾದಿಯನ್ನು ನೋಡುವ ಹಾಗೆ ಅವನನ್ನೇ ನೋಡುತ್ತಿದ್ದರು.

"ಇಲ್ಲಿ ಎರಡು ದಾರಿ ಅವೆ. ಒಂದು, ಎಲ್ಲಾ ಅಳಿಸಿ ಹೊಸದು ಮಾಡೋದು. ಇನ್ನೊಂದು, ಒಳಗಿರೋದು ಹಂಗೇ ಇರ್ತದೆ, ಕಟ್ಕಂಡಿರೋ ಕಸ ಮಾತ್ರ ತೆಗೆಯೋದು."

"ಎಲ್ಲಾ ಅಳಿಸ್ಬುಡಿ," ಎಂದ ಕನಕರಾಜು. ಸ್ವಲ್ಪ ಜೋರಾಗಿಯೇ ಬಂತು.

ನಟರಾಜು ತಲೆಯೆತ್ತಿ ನಕ್ಕ. "ಹೊಸ ಫೋನ್ನಲ್ಲಿ ಅಳ್ಸಕ್ಕೆ ಏನಿರ್ತದೆ ಭಾವ?"

ಎಲ್ಲರೂ ನಕ್ಕರು. ಕನಕರಾಜುವೂ ಜೊತೆಗೆ ನಕ್ಕ. ಅಳಿಸಿಲ್ಲವೇ? ಒಳಗೇ ಇದ್ದಾಳೆಯೇ? ಫೋನು ಏಳದಿದ್ದರೆ ಶಕುನ, ಎದ್ದರೆ ರಮ್ಯ. ಬದುಕುವ ದಾರಿ ಒಂದೇ ಇತ್ತು, ಅದು ಆ ಕಪ್ಪು ಪರದೆಯ ಮೇಲೆ ಒಂದು ಸಾಲಾಗಿ ಕಾಣುತ್ತಿತ್ತು, ಅದನ್ನು ಒತ್ತುವ ಬೆರಳು ಮಾತ್ರ ಇನ್ನೊಬ್ಬನದು.

"ಅಳಿಸೋದೇ ಒಳ್ಳೇದು ಅಂತ ಅಂಗಡಿಯೋನು ಹೇಳಿದ್ದ," ಎಂದ ಮತ್ತೆ. "ಇಲ್ಲಾಂದ್ರೆ ಬುಡಿ, ಇಂಥಾ ಹೊತ್ನಲ್ಲಿ ಇದೆಲ್ಲ ಯಾಕೆ. ನಾಳೆ ಬೇರೆ ತಂದುಕೊಡ್ತೀನಿ."

"ಎಲ್ಲಾ ಅಳಿಸೋದು ಕಸುಬು ಬರ್ದೆ ಇರೋರ ಕೆಲ್ಸ ಭಾವ. ಅದು ಮನೆ ಕೆಡವೋದು. ನಾನು ಕಸ ಗುಡ್ಸೋನು. ನೋಡ್ತಾ ಇರಿ, ಒಳಗಿರೋದು ಒಂದು ಸಾಸಿವೆ ಕಾಳೂ ಆಚೀಚೆ ಆಗ್ದಂಗೆ ಎಬ್ಬಿಸ್ತೀನಿ."

ಗುಂಡಿ ಒತ್ತುತ್ತಾ ಕೆಳಗಿನ ಸಾಲಿಗೆ ಇಳಿದ. ಕಸ ತೆಗೆದ. ಫೋನು ಆರಿತು, ಹೆಸರು ಬಂತು, ಅಲ್ಲೇ ನಿಂತಿತು. ಕನಕರಾಜುವಿಗೆ ಆಸೆ ಚಿಗುರಿತು. ಅಷ್ಟರಲ್ಲಿ ಹೆಸರಿನ ಕೆಳಗೆ ಒಂದು ಗೆರೆ ಓಡಿತು, ಅವನು ಅವತ್ತು ಅರ್ಧಕ್ಕೆ ನಿಲ್ಲಿಸಿದ್ದ ಅದೇ ಗೆರೆ. ಈ ಸಲ ಅದನ್ನು ತಡೆಯುವವರಿರಲಿಲ್ಲ. ಫೋನು ಒಂದು ಸಣ್ಣ ರಾಗ ಹಾಡಿತು. ಮನೆಯೆಲ್ಲ ಹೋ ಎಂದು ಚಪ್ಪಾಳೆ ತಟ್ಟಿತು, ರುಕ್ಮಿಣಮ್ಮ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದಳು. ನಟರಾಜು ಗೆದ್ದ ಕೋಳಿ ಹಿಡಿದವನ ಹಾಗೆ ಫೋನನ್ನು ಮೇಲೆತ್ತಿ ಸುತ್ತಲೂ ತೋರಿಸಿದ. ಆಮೇಲೆ ತಾನೂ ನೋಡಿದ.

ಜಡೆ ತುಂಬ ಮಲ್ಲಿಗೆ ಮುಡಿದ ರಮ್ಯ. ಪಕ್ಕದಲ್ಲಿ ಕನಕರಾಜು. ಯಾವ ಶಾಸ್ತ್ರದ ಫೋಟೋ ಎಂದು ಕುರುಡನಿಗೂ ತಿಳಿಯುವಂತಿತ್ತು.

ಫೋನು ಕೈಯಿಂದ ಕೈಗೆ ಹೋಗಿ ಹುಚ್ಚಯ್ಯನ ಕೈಯಲ್ಲಿ ನಿಂತಿತು. ಅವನು ಅದನ್ನು ನೋಡಿದ, ಕನಕರಾಜುವನ್ನು ನೋಡಿದ, ದೇವಯ್ಯನನ್ನು ನೋಡಿದ. ದೇವಯ್ಯ ಮೇಲಿನ ಜಂತೆ ನೋಡುತ್ತಿದ್ದ.

"ಯಾರಿವಳು?" ಎಂದ ಹುಚ್ಚಯ್ಯ.

ಉತ್ತರ ಬಂದದ್ದು ಚಿಕ್ಕಬೀರಮ್ಮನಿಂದ. ಅವಳು ಸೆರಗು ಬಾಯಿಗಿಟ್ಟು ಒಂದು ಸಲ ಬಿಕ್ಕಿದಳು.

"ಅವಳು ಸತ್ತೋದ್ಲು ಕಣಪ್ಪ. ಹೂ ಮುಡ್ದು ಎರಡು ತಿಂಗ್ಳಿಗೇ ಹೊಂಟೋದ್ಲು ನನ್ನವ್ವ. ಸತ್ತೋರ ಹೆಸ್ರು ಶುಭಕಾರ್ಯದಲ್ಲಿ ಎತ್ಬಾರ್ದು ಅಂತ ನಿಮ್ತಾವ ಹೇಳ್ನಿಲ್ಲ."

ಬೇಡ ಎಂದು ಬಿಟ್ಟುಹೋದ ಹೆಣ್ಣು ಬೇರೆ, ಸತ್ತುಹೋದ ಹೆಣ್ಣು ಬೇರೆ. ಮೊದಲನೆಯದು ಗಂಡಿನ ಕುಂದು, ಎರಡನೆಯದು ಹಣೆಬರಹ. ಹುಚ್ಚಯ್ಯ ಕನಕರಾಜುವಿನ ಕಡೆ ತಿರುಗಿದ.

"ನಿಜವೇನಪ್ಪ? ನಿನ್ನ ಬಾಯಲ್ಲೇ ಹೇಳು."

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಂದ ದಾರಿಗೆ ಸುಂಕವಿಲ್ಲವೆಂದು ಬಸ್ಸು ಹತ್ತಿ ಊರಿಗೆ ಬರಬಹುದಿತ್ತು. ಕನಕರಾಜು ಎದುರಿಗೆ ಕೂತ ಸುಧಾಳ ಮುಖ ನೋಡಿದ. ಅವಳು ಅವನನ್ನು ಮರುಕದಿಂದ ನೋಡುತ್ತಿದ್ದಳು. ಹೆಣ್ಣೊಬ್ಬಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಹೌದು," ಎಂದ. "ಡೆಂಗ್ಯೂ ಜ್ವರ ಬಂತು. ಮೈಸೂರ್ಗೆ ಸಾಗ್ಸೋದ್ರೊಳ್ಗೆ ಹೋಗ್ಬುಟ್ಲು."

ಹೇಳಿದ ಕೂಡಲೇ ಎದೆ ಹಗುರಾಯಿತು. ಅವಳು ಬೇಡ ಎಂದು ಹೋದಳು ಎನ್ನುವುದು ಅವನೊಳಗೆ ಮುಳ್ಳಿನ ಹಾಗೆ ಕೂತಿತ್ತಲ್ಲ, ಅದು ಈಗ ಇಲ್ಲ. ಅವಳು ಹೋಗಲಿಲ್ಲ, ಸತ್ತಳು. ತನ್ನವಳಾಗಿಯೇ ಸತ್ತಳು. ಒಂದು ಕ್ಷಣ ಅವನಿಗೆ ಖುಷಿಯಾಯಿತು. ಮರುಕ್ಷಣ ಅಳು ಬಂತು. ಬ್ಯಾರನ್ನಿನ ಮುಂದೆ ಒಬ್ಬನೇ ಕೂತಾಗ ಅಳದೆ ಉಳಿಸಿಕೊಂಡಿದ್ದ ಅಷ್ಟೂ ಅಳು ಹುಚ್ಚಯ್ಯನ ನಡುಮನೆಯಲ್ಲಿ ಹೊರಬಿತ್ತು. ಅದರಲ್ಲಿ ಕಪಟವಿರಲಿಲ್ಲ, ಅದೇ ಅದರ ಹೇಸಿಗೆ.

"ಸತ್ತೋಳ ಫೋನ ತಂದು ನಮ್ಮುಡ್ಗಿ ಕೈಗೆ ಕೊಟ್ಟಿದ್ದೀರಲ್ಲ," ಎಂದು ರುಕ್ಮಿಣಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ. ಚಿಕ್ಕಬೀರಮ್ಮ ಅದಕ್ಕೂ ತಯಾರಿದ್ದಳು.

"ಅವ್ಳೇ ಹೇಳಿದ್ದು ಕಣವ್ವ. ನನ್ನ ಜಾಗಕ್ಕೆ ಬರೋಳಿಗೆ ಇದ ಕೊಡಿ ಅಂತ ನನ್ನ ಕೈ ಹಿಡ್ಕಂಡು ಹೇಳಿ ಕಣ್ಮುಚ್ಚುದ್ಲು."

ದೇವಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಮುದುಕಿಯರು ಮೂಗು ಸೀಟಿದರು. ಸುಧಾ ಫೋನನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದಳು.

"ಏನ್ ಇವ್ರ ಹೆಸ್ರು?" ಎಂದಳು.

"ರಮ್ಯ," ಎಂದ ಕನಕರಾಜು.

"ಎಷ್ಟು ಲಕ್ಷಣವಾಗವ್ರೆ," ಎಂದಳು ಸುಧಾ.

ರುಕ್ಮಿಣಮ್ಮ ತೀರ್ಪು ಕೊಟ್ಟಳು. ಹೂ ಮುಡಿದವಳು ಅರ್ಧ ಹೆಂಡತಿ. ಆಸೆ ತೀರದೆ ಹೋದವಳು. ಗಂಡಿನ ಮನೆಯಲ್ಲಿ ಮೊದಲು ಅವಳ ಫೋಟೋ ಇಟ್ಟು, ಸೀರೆ ಇಟ್ಟು, ಎಡೆ ಹಾಕಿ, ಅಪ್ಪಣೆ ಕೇಳಬೇಕು. ಸುಧಾಳ ಜಡೆಗೆ ಹೂವು ಆಮೇಲೆ. ನಟರಾಜು ಫೋನಿನಿಂದ ಫೋಟೋ ತೆಗೆದು ದೊಡ್ಡದು ಮಾಡಿಸಿ ಕಟ್ಟು ಹಾಕಿಸುವ ಜವಾಬ್ದಾರಿ ಹೊತ್ತ. "ನಿಮ್ಮುನ್ನ ಪಕ್ಕದಿಂದ ಕತ್ತರಿಸಿ ತೆಗೀತೀನಿ ಭಾವ, ಬದುಕಿರೋರು ಅದ್ರಲ್ಲಿ ಇರ್ಬಾರ್ದು," ಎಂದ. ಆಮೇಲೆ ಫೋನಿನಲ್ಲಿದ್ದದ್ದನ್ನೆಲ್ಲ ಚೊಕ್ಕಟವಾಗಿ ಅಳಿಸಿ ಸುಧಾಳಿಗೆ ಕೊಟ್ಟ. ಈಗ ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಹೀಗೆ ಬೀಚನಹಳ್ಳಿಯಲ್ಲಿ ಗಂಡನಿಗೆ ಬುತ್ತಿ ಕಟ್ಟಿಕೊಂಡು ಸುಖವಾಗಿದ್ದ ರಮ್ಯಳಿಗೆ ಹನಗೋಡಿನಲ್ಲಿ ಹಾರ ಹಾಕಿ ಊದುಬತ್ತಿ ಹಚ್ಚಿದರು. ಎಡೆಯ ದಿನ ಇಡೀ ಊರು ಬಂತು. ಎಲ್ಲರಿಗೂ ಗೊತ್ತು, ಎಲ್ಲರೂ ಕೈಮುಗಿದರು. ಹೆಂಗಸರು ಸೆರಗಿನೊಳಗೆ ನಗುತ್ತಾ ಊಟ ಮಾಡಿ, ಪಾಪ ಎಂದು ಹೇಳಿ ಹೋದರು. ಆ ವಾರವೇ ಸುಧಾಳಿಗೆ ಹೂ ಮುಡಿಸಿದರು, ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು.

ಸುಧಾ ಒಳ್ಳೆಯ ಹೆಣ್ಣು. ಆ ಮನೆಗೆ ಅಂಥವಳು ಬರಬೇಕಾಗಿರಲಿಲ್ಲ. ಕನಕರಾಜು ಬ್ಯಾರನ್ನಿನ ಶಾಖದ ವಿಷಯ ಹೇಳಿದರೆ ಅವಳು ಕೂತು ಕೇಳುತ್ತಿದ್ದಳು, ನಡುವೆ ಪ್ರಶ್ನೆಯನ್ನೂ ಕೇಳುತ್ತಿದ್ದಳು. ದಿನಾ ಬೆಳಿಗ್ಗೆ ರಮ್ಯಳ ಫೋಟೋಗೆ ಹೂವಿಡುತ್ತಿದ್ದಳು. ಇಡುತ್ತಾ ಅಕ್ಕ ಎಂದು ಕರೆದು ಒಂದೆರಡು ಮಾತಾಡುತ್ತಿದ್ದಳು, ಅತ್ತೆ ಬೈದದ್ದು, ಹಸು ಕರು ಹಾಕಿದ್ದು, ಹೀಗೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಕನಕರಾಜು ಅಂದುಕೊಳ್ಳುತ್ತಿದ್ದ. ಸೊಪ್ಪಿನ ಹರಾಜು ಮುಗಿಯಲಿ, ಪಿತೃಪಕ್ಷ ಕಳೆಯಲಿ. ಪಿತೃಪಕ್ಷ ಬಂದರೆ ರಮ್ಯಳ ಎಲೆಗೆ ಅವನೇ ಮೊದಲು ಅನ್ನ ಬಡಿಸಬೇಕಾಗುತ್ತಿತ್ತು. ಬಡಿಸುತ್ತಿದ್ದ.

ಸುಧಾ ಬಸುರಾದಳು. ಐದು ತುಂಬುವಷ್ಟರಲ್ಲಿ ಕೂಸು ಉಳಿಯಲಿಲ್ಲ. ಹುಣಸೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಗೋಡೆಗೆ ಒರಗಿ ಕೂತವಳ ಮುಂದೆ ಚಿಕ್ಕಬೀರಮ್ಮ ಫೋಟೋದ ಕಡೆ ಬೊಟ್ಟು ಮಾಡಿ, "ಅವ್ಳದೇ ಕಣವ್ವ ಇದು. ತಾನು ಕಾಣದ್ದ ನೀನು ಕಾಣ್ಬಾರ್ದು ಅಂತ ಹೊಟ್ಟೆಗೆ ಕೈ ಹಾಕವ್ಳೆ," ಎಂದಳು. ಹೇಳಿ ಹೇಳಿ ಮುದುಕಿಗೆ ತನ್ನ ಸುಳ್ಳು ತನಗೇ ನಿಜವಾಗಿತ್ತೋ, ಇಲ್ಲ ಸೊಸೆಯ ಬಾಯಿ ಮುಚ್ಚಿಸಲು ಒಂದು ದೆವ್ವ ಬೇಕಾಗಿತ್ತೋ, ಅವಳನ್ನು ಹುಟ್ಟಿಸಿದ ದೇವರೇ ಬಲ್ಲ. ಆ ದಿನ ಸುಧಾ ಮೊದಲ ಸಲ ಫೋಟೋದ ಮುಂದೆ ನಿಂತು ಕೂಗಾಡಿದಳು.

"ನಿನಗೇನ್ ಮಾಡಿದ್ದೆ ನಾನು? ದಿನಾ ಹೂವಿಡ್ನಿಲ್ವಾ? ನನ್ನ ಕೂಸು ನಿನಗ್ಯಾಕೆ ಬೇಕಾಗಿತ್ತು?"

ಕನಕರಾಜು ಬಾಗಿಲಾಚೆ ನಿಂತು ಎಲ್ಲ ಕೇಳಿಸಿಕೊಂಡ. ಎರಡು ಹೆಜ್ಜೆ ಒಳಗಿಟ್ಟು ಅವಳು ಬದುಕಿದ್ದಾಳೆ ಕಣೇ ಎಂದಿದ್ದರೆ ಸಾಕಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಬ್ಯಾರನ್ ಕಡೆ ಹೋದ.

ಬೇಸಿಗೆಗೆ ಸುಧಾಳನ್ನು ಸ್ವಲ್ಪ ದಿನ ತೌರಿಗೆ ಬಿಟ್ಟುಬರಲು ಹೊರಟರು. ಹುಣಸೂರಿನ ಬಸ್‌ ನಿಲ್ದಾಣದಲ್ಲಿ ಇಳಿದು ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದರು. ಎಚ್.ಡಿ. ಕೋಟೆ ಬಸ್ಸು ಬಂದು ನಿಂತಿತು. ಅದರಿಂದ ಇಳಿದವರಲ್ಲಿ ಒಬ್ಬಳು, ಕಂಕುಳಲ್ಲಿ ಕೂಸು, ಹೆಗಲಲ್ಲಿ ಬ್ಯಾಗು, ಪಿರಿಯಾಪಟ್ಟಣದ ಬಸ್ಸು ಎಲ್ಲಿ ಎಂದು ಕೇಳುತ್ತಾ ಬಂದಳು. ಕನಕರಾಜು ಮೊದಲು ನೋಡಿದ.

"ಬಾ, ಆ ಕಡೆ ಕಾಫಿ ಕುಡಿಯವ," ಎಂದು ಹೆಂಡತಿಯ ಕೈ ಹಿಡಿದ.

ಸುಧಾ ಕೈ ಬಿಡಿಸಿಕೊಂಡಳು. ದಿನಾ ಬೆಳಿಗ್ಗೆ ಹೂವಿಟ್ಟು ಮಾತಾಡಿಸಿದ ಮುಖ ಅದು, ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ನೆಟ್ಟಗೆ ಹೋಗಿ ಅವಳ ಎದುರು ನಿಂತಳು.

"ನಿಮ್ಮ ಹೆಸ್ರು ರಮ್ಯ ಅಲ್ವಾ?"

"ಹೌದು. ನೀವ್ಯಾರು ಅಂತ ಗೊತ್ತಾಗ್ನಿಲ್ಲ."

ಸುಧಾ ಅವಳ ಮುಂಗೈ ಮುಟ್ಟಿದಳು. ಬೆಚ್ಚಗಿತ್ತು. ಬಿಡದೆ ಹಾಗೇ ಹಿಡಿದುಕೊಂಡಳು.

"ನಿಮಗೆ ನಾನು ಎಡೆ ಇಡ್ತಿದ್ದೆ ಕಣಕ್ಕ. ನನ್ನ ಕೂಸು ಹೋದಾಗ ನಿಮ್ಮುನ್ನ ಬಾಯಿಗೆ ಬಂದಂಗೆ ಬೈದ್ಬುಟ್ಟೆ. ನೀವೇ ತಿಂದ್ಬುಟ್ರಿ ಅಂದೆ. ತಪ್ಪಾಯ್ತು. ನಿಮ್ದೇನೂ ಇರ್ನಿಲ್ಲ ಅದ್ರಲ್ಲಿ."

ರಮ್ಯ ಹೆದರಿ ಮಗುವನ್ನು ಎದೆಗೆ ಅವುಚಿಕೊಂಡಳು. ಸುತ್ತಮುತ್ತ ನೋಡಿದಾಗ ಹಿಂದೆ ನಿಂತಿದ್ದ ಕನಕರಾಜು ಕಂಡ. ಗುರುತು ಸಿಕ್ಕಿತು.

"ನೀವಾ? ಇವ್ರು ನಿಮ್ಮನೆಯವ್ರಾ? ಏನಾಗದೆ ಇವ್ರಿಗೆ?"

ಬೇಸಿಗೆಯ ಬಿಸಿಲು, ಬಸ್ಸುಗಳ ಗಲಾಟೆ, ಕಡಲೆಕಾಯಿ ಮಾರುವವರ ಕೂಗು. ಸುಧಾ ತಿರುಗಿ ಗಂಡನ ಬಾಯನ್ನೇ ನೋಡಿದಳು. ಅಷ್ಟು ಹೊತ್ತಾದರೂ ಅವಳಿಗೆ ಅವನ ಮೇಲೆ ಒಂದಿಷ್ಟು ನಂಬಿಕೆ ಉಳಿದಿತ್ತು ಎಂದು ಕಾಣುತ್ತದೆ. ನಿಜ ಹೇಳಿದ್ದರೆ ಅವಳು ಅವನನ್ನು ಮನ್ನಿಸುತ್ತಿದ್ದಳೋ ಏನೋ, ಅಂಥ ಹೆಣ್ಣು ಅವಳು.

"ಕೂಸು ಹೋದ ಮೇಲೆ ಇವಳಿಗೆ ತಲೆ ಸರಿಯಿಲ್ಲ," ಎಂದ ಕನಕರಾಜು. "ಎಲ್ರುನೂ ಹಿಡ್ಕಂಡು ಏನೇನೋ ಅಂತಾಳೆ. ಬೇಜಾರ್ ಮಾಡ್ಕಬ್ಯಾಡಿ."

"ಅಯ್ಯೋ ಪಾಪ," ಎಂದಳು ರಮ್ಯ. ಹೆದರಿಕೆ ಬಿಟ್ಟು ಹತ್ತಿರ ಬಂದು ಸುಧಾಳ ಬೆನ್ನು ಸವರಿದಳು. "ಮೈಸೂರ್ನಲ್ಲಿ ಒಳ್ಳೆ ಡಾಕ್ಟ್ರಿಗೆ ತೋರ್ಸಿ, ಸರಿಹೋಯ್ತಾರೆ. ನೀವು ಒಳ್ಳೆಯೋರು, ಚೆನ್ನಾಗಿ ನೋಡ್ಕತೀರಿ." ಪಿರಿಯಾಪಟ್ಟಣದ ಬಸ್ಸು ಹೊರಡುತ್ತಿತ್ತು. ಮಗುವನ್ನು ಎತ್ತಿಕೊಂಡು ಓಡಿಹೋಗಿ ಹತ್ತಿದಳು.

ಸುಧಾ ಕೆಳಗಿಟ್ಟಿದ್ದ ತನ್ನ ಬ್ಯಾಗು ಎತ್ತಿಕೊಂಡಳು.

"ನೀವು ಊರಿಗೆ ಹೋಗಿ," ಎಂದಳು.

"ನಾನೂ ಬತ್ತೀನಿ ಸಾಲಿಗ್ರಾಮದವರ್ಗೂ."

"ಬ್ಯಾಡ. ಅಲ್ಲಿ ನಮ್ಮಪ್ಪ ಕೇಳ್ತಾರೆ, ನಾನು ಹೇಳ್ತೀನಿ. ತಲೆ ಸರಿಯಿಲ್ದೋಳು ಹೇಳೋದ್ನ ಅವ್ರು ನಂಬ್ತಾರೆ."

ಕೆ.ಆರ್. ನಗರದ ಬಸ್ಸು ಬಂತು. ಅವಳು ಹತ್ತಿ ಆ ಪಕ್ಕದ ಕಿಟಕಿಯ ಹತ್ತಿರ ಕೂತಳು. ಕನಕರಾಜು ಬಸ್ಸು ಮರೆಯಾಗುವವರೆಗೆ ನಿಂತಿದ್ದ. ಒಂದು ಸಲವಾದರೂ ಹಿಂದೆ ಓಡಬೇಕು ಎನಿಸಿತು, ಓಡಲಿಲ್ಲ. ಅವಳು ಇನ್ನು ಬರುವುದಿಲ್ಲ ಎನ್ನುವುದು ಅವನಿಗೆ ಖಚಿತವಾಗಿತ್ತು. ಊರಿನಲ್ಲಿ ಎಲ್ಲರೂ ಕೇಳುತ್ತಾರಲ್ಲ, ಏನು ಹೇಳುವುದು ಎಂದು ಯೋಚಿಸುತ್ತಾ ವಾಪಸು ಬಸ್ಸು ಹತ್ತಿದ. ಹನಗೋಡು ಬರುವಷ್ಟರಲ್ಲಿ ಹೇಳಬೇಕಾದ ಮಾತು ಅವನ ಬಾಯಲ್ಲಿ ತಯಾರಾಗಿತ್ತು.